ಕಟ್ಟಿದ ದಿನ

ಮಾರ್ಚ್ ೪, ಸೋಮವಾರ

ಭೂಮಿ ನಡುಗಿ ಇವತ್ತಿಗೆ ಹತ್ತೊಂಬತ್ತು ದಿನ. ಇವಳು ಇನ್ನೂ ಮನೆಯೊಳಗೆ ಕಾಲಿಟ್ಟಿಲ್ಲ. ಬಾಗಿಲ ಎದುರು, ಗಲ್ಲಿಯ ಅಂಚಿನಲ್ಲಿ ನೀಲಿ ಟಾರ್ಪಾಲು ಕಟ್ಟಿಸಿಕೊಂಡು ಕೂತಿದ್ದಾಳೆ. ಒಲೆ ಅಲ್ಲಿ, ಹಾಸಿಗೆ ಅಲ್ಲಿ, ನೀರಿನ ಕೊಡ ಅಲ್ಲಿ. ಬಟ್ಟೆ ಬೇಕಾದರೆ ಹೊಸ್ತಿಲಿನಾಚೆ ನಿಂತು ನನ್ನನ್ನು ಕರೆಯುತ್ತಾಳೆ. ನಾನು ಒಳಗೇ ಇದ್ದೇನೆ. ಗಂಡ ಹೆಂಡಿರಲ್ಲಿ ಒಬ್ಬರಾದರೂ ಬುದ್ಧಿ ಸ್ಥಿಮಿತದಲ್ಲಿ ಇಟ್ಟುಕೊಂಡಿರಬೇಕು. ಮಂಚವನ್ನು ಮಾತ್ರ ಬಾಗಿಲ ಹತ್ತಿರ ಎಳೆದುಕೊಂಡಿದ್ದೇನೆ, ಗಾಳಿ ಬರಲಿ ಎಂದು.

ಮುದ್ರಣಾಲಯ ಇನ್ನು ತೆರೆಯುವುದಿಲ್ಲವಂತೆ. ಕಟ್ಟಡ ಮೂರು ಕಡೆ ಸೀಳಿದೆ. ಮೂವತ್ತೆರಡು ವರ್ಷ ಅಲ್ಲಿ ಕೂತು ಕರಡು ತಿದ್ದಿದೆ, ಅಂದರೆ ಬೇರೆಯವರ ತಪ್ಪು ಹುಡುಕಿದೆ. ಗಲ್ಲಿಯಲ್ಲಿ ನನ್ನನ್ನು 'ತಪ್ಪು ಮೇಷ್ಟ್ರು' ಎನ್ನುತ್ತಾರೆ. ಗೌರವದಿಂದ ಎನ್ನುತ್ತಾರೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಈ ದಿನಚರಿ ಬರೆಯುವುದು ಕೈಗೊಂದು ಕೆಲಸವಿರಲಿ ಎಂದು. ಮನಸ್ಸಿನ ಭಾರ ಇಳಿಸುವುದಕ್ಕಲ್ಲ. ಮನಸ್ಸು ಭಾರವಾಗಿಲ್ಲ.

ಮಾರ್ಚ್ ೭, ಗುರುವಾರ

ಗಲ್ಲಿಯ ನಲ್ಲಿಯ ಹತ್ತಿರ ಒಬ್ಬ ಇಂಜಿನಿಯರಮ್ಮ ಬಂದು ನಿಂತಿದ್ದರು. ಮೂವತ್ತರ ಆಸುಪಾಸು, ತಲೆಗೂದಲೆಲ್ಲ ಸಿಮೆಂಟಿನ ಧೂಳು. ಕಾಲ ಬಳಿ ಪ್ಲಾಸ್ಟಿಕ್ ಪಟ್ಟಿಗಳ ರಾಶಿ: ಹಳದಿ, ನೀಲಿ, ಬಿಳಿ. ಫ್ರಿಜ್ಜು, ಟೀವಿ ಬರುವ ರಟ್ಟಿನ ಪೆಟ್ಟಿಗೆಗೆ ಬಿಗಿದಿರುತ್ತಾರಲ್ಲ, ಅವು. ಗೋದಾಮುಗಳ ಹಿಂದೆ ಬಿಸಾಡಿದ್ದನ್ನು ಆರಿಸಿ ತಂದಿದ್ದರು.

"ಇದನ್ನ ಬಲೆ ಥರ ಹೆಣೆದು ಗೋಡೆಗೆ ಒಳಗೂ ಹೊರಗೂ ಹೊದಿಸ್ತೀವಿ. ಗೋಡೇಲಿ ತೂತು ಕೊರೆದು ಎರಡು ಬಲೇನೂ ತಂತೀಲಿ ಸೇರಿಸಿ ಬಿಗೀತೀವಿ. ಅದರ ಮೇಲೆ ಗಾರೆ. ಅಷ್ಟೇ," ಎಂದರು.

ನಮ್ಮ ಗಲ್ಲಿಯ ಮೇಸ್ತ್ರಿ ಬೀಡಿ ಆರಿಸಿ ಕೇಳಿದ: "ಅಂದ್ರೆ ಮನೇನ ಪಾರ್ಸಲ್ ಮಾಡ್ತೀರಿ."

"ಹೌದು. ಎಲ್ಲಿಗೂ ಕಳಿಸಲ್ಲ."

"ಆಮೇಲೆ ಗೋಡೆ ಬಿರುಕು ಬಿಡಲ್ವಾ?"

"ಬಿಡುತ್ತೆ. ಬಿಟ್ಟರೂ ನಿಮ್ಮ ಮೇಲೆ ಬೀಳಲ್ಲ. ನೀವು ಎದ್ದು ಹೊರಗೆ ಬರೋವರೆಗೂ ಇಟ್ಟಿಗೇನ ಪಟ್ಟಿ ಹಿಡಕೊಂಡಿರುತ್ತೆ. ಅದಕ್ಕಿಂತ ಜಾಸ್ತಿ ನಾನು ಹೇಳಲ್ಲ."

ಉತ್ತರದಲ್ಲಿ ತಿದ್ದುವಂಥದ್ದೇನೂ ನನಗೆ ಕಾಣಲಿಲ್ಲ. ಆದರೂ ಕಸದಿಂದ ಮನೆ ಉಳಿಯುತ್ತದೆ ಎಂದರೆ ನಂಬುವುದು ಹೇಗೆ?

ಲೆಕ್ಕ ಬರೆದಿಡಲು ಅಕ್ಷರ ಚೆನ್ನಾಗಿರುವವರು ಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಒಪ್ಪಿಕೊಂಡೆ.

ಮಾರ್ಚ್ ೧೧, ಸೋಮವಾರ

ಮೊದಲ ಮನೆ ಮುಗಿಯಿತು, ನಮ್ಮ ಗಲ್ಲಿಯ ಬಟ್ಟೆ ಹೊಲಿಗೆಯವಳದು. ರಿಜಿಸ್ಟರನ್ನೂ ಇವತ್ತೇ ಗೆರೆ ಎಳೆದು ಸಿದ್ಧ ಮಾಡಿದೆ. ಇಂಜಿನಿಯರಮ್ಮ ಆರನೆಯ ಅಂಕಣಕ್ಕೆ ಕೊಟ್ಟಿದ್ದ ತಲೆಬರಹ: 'ಭೂಕಂಪ ನಿರೋಧಕ ಪಟ್ಟಿಬಲೆ ಅಳವಡಿಕೆ ಪೂರ್ಣಗೊಂಡ ದಿನಾಂಕ'. ಆರು ಪದ, ಬೆರಳಗಲದ ಅಂಕಣ. ಹೊಡೆದು ಹಾಕಿ 'ಕಟ್ಟಿದ ದಿನ' ಎಂದು ಬರೆದೆ.

ಗಲ್ಲಿಯಲ್ಲಿ ಆಡುವ ಮಾತೂ ಅದೇ ಆಗಿದೆ. "ನಿಮ್ಮನೆ ಯಾವಾಗ ಕಟ್ತಾರೆ?" "ನಾಡಿದ್ದು ಕಟ್ತಾರಂತೆ." ನಮ್ಮ ಭಾಷೆಯಲ್ಲಿ ಮೂಟೆಯನ್ನೂ ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರ ತಲೆಯಲ್ಲಿ ಹಗ್ಗವೂ ಇತ್ತೋ ಏನೋ. ಇಂಜಿನಿಯರಮ್ಮ ನೋಡಿ, "ಚಿಕ್ಕದಾಗಿ ಚೊಕ್ಕವಾಗಿದೆ ಮೇಷ್ಟ್ರೇ," ಎಂದರು. ಬಹಳ ದಿನದ ಮೇಲೆ ಖುಷಿಯಾಯಿತು.

ಮಾರ್ಚ್ ೧೨, ಮಂಗಳವಾರ

ಎರಡು ಮನೆ. ಬೆಳಿಗ್ಗೆ ಸಣ್ಣದೊಂದು ನಡುಕ. ಆ ಹೊತ್ತಿಗೆ ನಾನು ಗಲ್ಲಿಯಲ್ಲಿದ್ದೆ. ಹೇಗೂ ಹೊರಗೆ ಹೊರಟಿದ್ದವನೇ.

ಮಾರ್ಚ್ ೨೦, ಬುಧವಾರ

ಕೆಲಸದ ವರಸೆ ಈಗ ತಿಳಿಯಿತು. ತಂದ ಪಟ್ಟಿಯನ್ನೆಲ್ಲ ಹೊಲಿಗೆಯವಳು ಒಂದೊಂದಾಗಿ ಮಡಚಿ ಉಗುರಿನಿಂದ ಗೀರುತ್ತಾಳೆ. ಬಿಸಿಲಲ್ಲಿ ಬಿದ್ದಿದ್ದ ಪಟ್ಟಿ ಪಟ್ಟನೆ ಮುರಿಯುತ್ತದೆ, ಅದು ಕಸಕ್ಕೆ. ಮುರಿಯದ್ದು ಹೆಣಿಗೆಗೆ. ನಾಲ್ಕು ಬೆರಳಿಗೊಂದು ಚೌಕ ಬರುವಂತೆ ಹೆಣೆದು, ಕೂಡುವ ಕಡೆ ಕಾದ ಇಕ್ಕಳದಿಂದ ಒತ್ತಿ ಬೆಸೆಯುತ್ತಾರೆ. ಮೂಲೆಗಳಲ್ಲಿ ಬಲೆ ಮೊಳದುದ್ದ ಮಡಚಿಕೊಳ್ಳಬೇಕು. ಮೇಸ್ತ್ರಿ ಅದನ್ನು "ಅಂಗಿ ತೋಳು ಕೂರಿಸೋದು" ಎನ್ನುತ್ತಾನೆ. ಅವನ ಮಾತಿಗೆ ಹೊಲಿಗೆಯವಳು ಮಾತ್ರ ನಗುವುದಿಲ್ಲ.

ಇವಳೂ ಹೆಣೆಯಲು ಕೂತಿದ್ದಾಳೆ, ಟಾರ್ಪಾಲಿನ ಕೆಳಗೆ. ಯಾರೂ ಕರೆದಿದ್ದಲ್ಲ. ಎರಡು ಹಳದಿ, ಒಂದು ನೀಲಿ, ಎರಡು ಹಳದಿ, ಒಂದು ನೀಲಿ. ಗೋಡೆಯೊಳಗೆ ಹೂತು ಹೋಗುವುದಕ್ಕೆ ಬಣ್ಣದ ಜೋಡಣೆ ಯಾಕೆ ಎಂದೆ. "ಲೆಕ್ಕ ತಪ್ಪಬಾರದಲ್ಲ ರೀ," ಎಂದಳು. ಒಂದು ವಾರದಲ್ಲಿ ಇದು ನಮ್ಮಿಬ್ಬರ ಅತ್ಯಂತ ಉದ್ದದ ಮಾತುಕತೆ.

ಮಾರ್ಚ್ ೨೯, ಶುಕ್ರವಾರ

ನಮ್ಮ ಮನೆ ಕಟ್ಟಿದರು. ಹದಿನೇಳನೆಯ ನಂಬರು. ಬಿದ್ದಿದ್ದ ಹಿಂಗೋಡೆಯ ತಲೆಯನ್ನು ಅದೇ ಇಟ್ಟಿಗೆಯಿಂದ ಮತ್ತೆ ಏರಿಸಿ, ಬಲೆ ಹೊದಿಸಿ, ಗಾರೆ ಬಳಿದು, ಸಂಜೆಯ ಹೊತ್ತಿಗೆ ಕೈ ತೊಳೆದುಕೊಂಡರು. ಗೋಡೆ ನುಣ್ಣಗೆ ಹೊಸ ತಟ್ಟೆಯಂತಿದೆ. ಇವಳನ್ನು ಕರೆದೆ. ಬಂದಳು, ಹೊಸ್ತಿಲಿನವರೆಗೆ.

"ಹೊರಗಿನ ಬಲೆ ಹೊದಿಸಿದ್ದು ನಾನೇ ನೋಡಿದೆ. ಒಳಗೆ?"

"ಒಳಗೂ ಹಾಕಿದ್ದಾರೆ."

"ತಂತಿ? ಗಂಟು ಹಾಕಿದ್ರೋ, ತೂತಲ್ಲಿ ಸುಮ್ನೆ ತುರುಕಿ ಗಾರೆ ಬಳಿದ್ರೋ?"

"ಹಾಕಿದ್ದಾರೆ. ನಾನು ನಿಂತು ನೋಡಿದೀನಿ."

"ನೀವು ಆವಾಗಲೂ ನಿಂತು ನೋಡಿದ್ರಿ," ಎಂದಳು. "ಮೇಲೆ ಥಳಕು, ಒಳಗೆ ಹುಳುಕು." ತಿರುಗಿ ಹೋಗಿ ಒಲೆ ಹಚ್ಚಿದಳು.

ಆವಾಗ ಎಂದರೆ ಯಾವಾಗ ಎಂದು ಬರೆದಿಡಬೇಕು. ಎಂಟು ವರ್ಷದ ಹಿಂದೆ ಹಿಂಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಕಿಟಕಿಯ ಮೂಲೆಯಿಂದ ಸೂರಿನವರೆಗೆ. ನಾನು ಒಬ್ಬನನ್ನು ಕರೆಸಿ ಗಾರೆ ತುಂಬಿಸಿ, ನೀಲಿ ಬಣ್ಣ ಹೊಡೆಸಿ, 'ಸರಿಹೋಯಿತು' ಎಂದೆ. ಇವಳು ಅದರ ಪಕ್ಕದಲ್ಲೇ ಎಂಟು ವರ್ಷ ಮಲಗಿದಳು. ಕಳೆದ ತಿಂಗಳು ಗೋಡೆ ಬಾಯಿಬಿಟ್ಟಿದ್ದು ಸರಿಯಾಗಿ ಅಲ್ಲೇ. ಇಟ್ಟಿಗೆ ಬಿದ್ದಾಗ ಇವಳೊಬ್ಬಳೇ ಒಳಗಿದ್ದಳು. ನಾನು ಮುದ್ರಣಾಲಯದಿಂದ ಓಡಿ ಬಂದು ಮೊದಲು ಕೇಳಿದ್ದು, "ಎಷ್ಟು ಗಂಟೆಗೆ ಬಿತ್ತು?" ಎಂದು. ತಲೆಯೆಲ್ಲ ಇಟ್ಟಿಗೆಯ ಪುಡಿ ತುಂಬಿಕೊಂಡು ಕೂತಿದ್ದವಳು ಸಮಯ ಹೇಳಿದಳು.

ಯಾಕೆ ಹಾಗೆ ಕೇಳಿದೆನೋ. ಬೇಕಾದ ಮಾತು ಬಾಯಿಗೆ ಬರಲಿಲ್ಲ, ಬಂದದ್ದು ಅದು.

ಏಪ್ರಿಲ್ ೩, ಬುಧವಾರ

ನಿನ್ನೆಗೆ ಮೂವತ್ತೊಂದು ಮನೆ. ಪಕ್ಕದ ಗಲ್ಲಿಯಲ್ಲೂ ಶುರುಮಾಡಲು ಪೌರ ಕಚೇರಿಯ ಒಪ್ಪಿಗೆ ಬೇಕಂತೆ. ರಿಜಿಸ್ಟರಿನ ನಕಲು ತೆಗೆದು ಅಲ್ಲಿಗೆ ಕೊಟ್ಟು ಬಂದೆ. ಎರಡು ಸಲ ಓದಿ ನೋಡಿದ್ದೆ. ಒಂದು ಒತ್ತಕ್ಷರವೂ ತಪ್ಪಿಲ್ಲ.

ಏಪ್ರಿಲ್ ೧೬, ಮಂಗಳವಾರ

ನಲ್ಲಿಯ ಕಂಬಕ್ಕೆ ನೋಟಿಸು ಅಂಟಿಸಿ ಹೋಗಿದ್ದಾರೆ. ಎಲ್ಲರಿಗೂ ಕೇಳುವಂತೆ ನಾನೇ ಓದಬೇಕಾಯಿತು. ಮಾರ್ಚ್ ಹನ್ನೊಂದರಿಂದ ಏಪ್ರಿಲ್ ಎರಡರೊಳಗೆ ಅನುಮತಿ ಇಲ್ಲದೆ ಹೊಸದಾಗಿ ಕಟ್ಟಲಾದ ಮೂವತ್ತೊಂದು ಮನೆಗಳನ್ನು ಹದಿನೈದು ದಿನದೊಳಗೆ ತೆರವುಗೊಳಿಸತಕ್ಕದ್ದು. ಆಧಾರ: ಕಚೇರಿಗೆ ಸಲ್ಲಿಸಿದ ಪಟ್ಟಿ, ಅಂಕಣ ಆರು, 'ಕಟ್ಟಿದ ದಿನ'.

ಕೊನೆಯ ಸಾಲನ್ನು ಎರಡು ಸಲ ಓದಿದೆ.

ಈ ಗಲ್ಲಿಯಲ್ಲಿ ಹಳೆಯ ಮನೆಗಳು ಇರಬಹುದು, ಹೊಸದಾಗಿ ಕಟ್ಟುವಂತಿಲ್ಲ ಎಂಬುದು ಹಿಂದಿನಿಂದ ಬಂದ ನಿಯಮ. ಎಲ್ಲರ ಹತ್ತಿರವೂ ಜಾಗದ ಚೀಟಿ ಇದೆ, ಗೋಡೆ ಯಾವಾಗಿನದು ಎಂಬ ಚೀಟಿ ಯಾರ ಹತ್ತಿರವೂ ಇಲ್ಲ. ಹೊಲಿಗೆಯವಳು "ನಮ್ಮಜ್ಜಿ ಇದೇ ಮನೇಲಿ ಹುಟ್ಟಿದ್ದು ರೀ, ಹೊಸದು ಹೆಂಗಾಗುತ್ತೆ?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಇಪ್ಪತ್ಮೂರು ದಿನದಲ್ಲಿ ಮೂವತ್ತೊಂದು ಮನೆ ಏಳುವುದುಂಟೇ ಎಂದು ಕಚೇರಿಯಲ್ಲಿ ಯಾರಿಗೂ ಅನ್ನಿಸಿಲ್ಲ. ಆಶ್ಚರ್ಯಪಡುವುದಕ್ಕೆ ಅಲ್ಲಿ ಬೇರೆ ವಿಭಾಗ ಇಲ್ಲ.

ಆರು ಪದ ಇದ್ದಲ್ಲಿ ಎರಡು ಮಾಡಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಏಪ್ರಿಲ್ ೧೮, ಗುರುವಾರ

ನಿನ್ನೆ ಏನೂ ಬರೆಯಲಿಲ್ಲ. ಕಚೇರಿಯವರು ಸಂದರ್ಭ ನೋಡಿ ಓದಬೇಕಿತ್ತು ಎಂದು ನೂರು ಸಲ ಹೇಳಿಕೊಂಡೆ. ಅದು ನಿಜವೇ. ಆದರೆ ಓದುವವನು ತಪ್ಪಾಗಿ ಓದದಂತೆ ನೋಡಿಕೊಳ್ಳುವುದಕ್ಕೇ ಅಲ್ಲವೇ ನನ್ನಂಥವನು ಇರುವುದು. ಗೋಡೆ ನಿಲ್ಲಿಸಿದ್ದು ಒಂದು ಪಟ್ಟಿ, ಕೆಡವಲು ಹೊರಟಿದ್ದು ಇನ್ನೊಂದು ಪಟ್ಟಿ. ಎರಡನೆಯದು ನನ್ನದು.

ಮಧ್ಯಾಹ್ನ ಇವಳಿಗೆ ಹೇಳಿದೆ. ಹೆಣೆಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಹಾಗಾದ್ರೆ ಹೋಗಿ ಹೇಳಿ."

"ಗಲ್ಲಿಯವರು ಮುಖಕ್ಕೆ ಉಗೀತಾರೆ."

"ಉಗೀಲಿ. ಒರೆಸಿಕೊಂಡ್ರೆ ಹೋಗುತ್ತೆ. ಮನೆ ಒರೆಸಿಕೊಂಡು ಹೋದ್ರೆ ಬರಲ್ಲ."

ಊಟ ಅಲ್ಲೇ ಮಾಡಿದೆ. ಒಳಗೆ ವಿಪರೀತ ಸೆಕೆ.

ಏಪ್ರಿಲ್ ೧೯, ಶುಕ್ರವಾರ

ಹೇಳಿದೆ. ನಲ್ಲಿಯ ಹತ್ತಿರ, ಎಲ್ಲರೂ ನೀರಿಗೆ ನಿಂತಿದ್ದಾಗ. ಮೇಸ್ತ್ರಿ, "ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಇವತ್ತು ಕಣ್ಣಾರೆ ಕಂಡೆ," ಎಂದ. ಹೊಲಿಗೆಯವಳು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಇಂಜಿನಿಯರಮ್ಮ, "ಚೊಕ್ಕವಾಗಿದೆ ಅಂದಿದ್ದು ನಾನೇ ಅಲ್ವಾ ಮೇಷ್ಟ್ರೇ. ಸೋಮವಾರ ಇಬ್ಬರೂ ಹೋಗೋಣ," ಎಂದರು. ನನ್ನ ತಪ್ಪಿನಲ್ಲಿ ಅವರು ಪಾಲು ಕೇಳಿದ್ದು ನನಗೆ ಹಿಡಿಸಲಿಲ್ಲ.

ಏಪ್ರಿಲ್ ೨೨, ಸೋಮವಾರ

ಕಚೇರಿಯಲ್ಲಿ ಎರಡೂವರೆ ಗಂಟೆ ಬೆಂಚಿನ ಮೇಲೆ. ಸಾಹೇಬರು ಕೆಟ್ಟವರಲ್ಲ, ಬೇಸತ್ತವರು. ಕನ್ನಡಕ ಹಣೆಗೇರಿಸಿ ಕೇಳಿದರು:

"ಕಟ್ಟಿದ್ದು ಅಂತ ನೀವೇ ಬರೆದಿದ್ದೀರಿ. ಈಗ ಕಟ್ಟಿಲ್ಲ ಅಂತೀರಿ."

"ಕಟ್ಟಿದೀವಿ ಸಾರ್. ಆದರೆ ಕಟ್ಟಿಲ್ಲ."

"ಯಜಮಾನ್ರೇ, ನನಗೆ ಇನ್ನೂ ನಲವತ್ತು ಫೈಲ್ ಇದೆ."

ಇಂಜಿನಿಯರಮ್ಮ ಜೇಬಿನಿಂದ ಒಂದು ತುಂಡು ಪಟ್ಟಿ ತೆಗೆದು ಅವರ ಫೈಲಿಗೆ ಸುತ್ತಿ ಬಿಗಿದು, "ಇದು ಕಟ್ಟಿದ್ದು ಸಾರ್. ಫೈಲ್ ಹಳೇದೇ," ಎಂದರು. ಸಾಹೇಬರು ಫೈಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಖದಲ್ಲಿ ಏನೋ ಸಡಿಲವಾಯಿತು.

"ಗಾರೆ ಹಿಂದೆ ಹಳೇ ಗೋಡೆ ಇದೆ ಅಂತ ನಾನು ನೋಡಬೇಕು. ಒಂದು ಮನೆ ಅಗೆದು ತೋರಿಸಿ. ಬುಧವಾರ ಬರ್ತೀನಿ. ನೀವು ಒಂದು ಹೇಳಿಕೆ ಬರೆದುಕೊಡಿ."

'ಸದರಿ ತಪ್ಪು ನನ್ನದೇ' ಎಂದು ಬರೆದುಕೊಟ್ಟೆ. ಸಾಹೇಬರು ಓದಿ, ಪೆನ್ನಿನಿಂದ ಒಂದು ಕಡೆ ತಟ್ಟಿದರು. 'ತಪ್ಪು' ಎಂಬುದಕ್ಕೆ ಪ ಒತ್ತು ಕೊಟ್ಟಿರಲಿಲ್ಲ. 'ತಪು' ಎಂದಾಗಿತ್ತು. ಒತ್ತು ಕೊಟ್ಟು ತಿದ್ದಿದೆ.

ಯಾರ ಮನೆ ಅಗೆಯುವುದು ಎಂದು ಸಂಜೆ ಮಾತು ಬಂತು. ಎಲ್ಲರೂ ತಂತಮ್ಮ ಹೊಸ ಗೋಡೆ ನೋಡಿಕೊಂಡರು. ಹದಿನೇಳು ಎಂದೆ. ಟಾರ್ಪಾಲಿನ ಕೆಳಗಿದ್ದವಳಿಗೆ ಕೇಳಿಸಿತು ಎಂದು ಬೆನ್ನಿಗೇ ಗೊತ್ತಾಯಿತು. ಈ ಗೋಡೆ ನುಣ್ಣಗಿದ್ದಾಗಲೇ ಒಳಗೆ ಬಾರದವಳು, ತೂತು ಬಿದ್ದ ಮೇಲೆ ಬರುತ್ತಾಳೆಯೇ? ಬೇರೆ ದಾರಿ ನನಗೆ ತೋಚಲಿಲ್ಲ.

ಏಪ್ರಿಲ್ ೨೪, ಬುಧವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು.

ಸಾಹೇಬರು ಹತ್ತೂವರೆಗೆ ಬಂದರು. ಗಲ್ಲಿಯವರೆಲ್ಲ ಕಿಟಕಿಗೆ ಕಣ್ಣು ಹಚ್ಚಿದ್ದರು. ಮೇಸ್ತ್ರಿ ಹಿಂಗೋಡೆಯ ಒಳಮೈಯಲ್ಲಿ, ಎದೆಯ ಎತ್ತರಕ್ಕೆ, ಉಳಿಯಿಂದ ಎರಡು ಗೇಣು ಅಗಲ ಗಾರೆ ಬಿಡಿಸಿದ. ಪಟ್ಟಿಗೆ ಗಾಯವಾಗದಂತೆ ಬಿಡಿಸಿದ ಎಂಬುದನ್ನು ಹೇಳಲೇಬೇಕು. ಗಾರೆ ಹೋದ ಮೇಲೆ ಬಲೆ ಕಂಡಿತು. ಬಲೆಯ ಚೌಕಗಳೊಳಗೆ ಹಳೆಯ ನೀಲಿ ಬಣ್ಣ. ಸಾಹೇಬರು ಬೀಗದ ಕೈಯಿಂದ ಕೆರೆದರು. ನೀಲಿಯ ಅಡಿ ಹಸಿರು, ಹಸಿರಿನ ಅಡಿ ಸುಣ್ಣ, ಅದರಡಿ ಇಟ್ಟಿಗೆ ಮತ್ತು ಮಣ್ಣು.

"ಈ ನೀಲಿ ಯಾವಾಗಿನದು?"

"ಹನ್ನೆರಡು ವರ್ಷ ಆಯ್ತು ಸಾರ್," ಎಂದೆ. ಇದೇ ಪುಸ್ತಕದಲ್ಲಿ ಎಂಟು ಎಂದು ಬರೆದವನು ನಾನೇ, ಗಾಬರಿಗೆ ಬಾಯಿ ತಪ್ಪಿತು.

"ಅಲ್ಲ," ಎಂದಿತು ಹಿಂದಿನಿಂದ ಒಂದು ದನಿ. "ಎಂಟು. ಬಿರುಕು ಮುಚ್ಚಿಸಿದಾಗ ಹೊಡೆಸಿದ್ದು. ಇವರಿಗೆ ನೆನಪಿಲ್ಲ."

"ಹಸಿರು?"

"ಅದು ನಾನು ಮದುವೆಯಾಗಿ ಬಂದ ವರ್ಷ. ಮೂವತ್ತು ತುಂಬಿತು. ಸುಣ್ಣ ನಮ್ಮತ್ತೆ ಕಾಲದ್ದು. ಪ್ರತಿ ವರ್ಷ ಅವರೇ ಬಳೀತಿದ್ರು, ಬೇಕಾದ್ರೆ ಎಣಿಸಿ, ಪದರ ಪದರ ಇರುತ್ತೆ."

ಸಾಹೇಬರು ಎಣಿಸಲಿಲ್ಲ. ಆದರೆ ಬರೆದುಕೊಂಡರು. 'ಮನೆ ಹಳೆಯದು, ಕಟ್ಟಿದ್ದು ಹೊಸದು' ಎಂದು ಬರೆದು, ಓದಿ, ಹೊಡೆದು ಹಾಕಿ, ನನ್ನ ಮುಖ ನೋಡಿದರು. "ನಿಮ್ಮ ಆರನೇ ಕಾಲಮ್ಮಿಗೆ ಈಗ ಏನಂತ ಹಾಕಲಿ?" 'ಪಟ್ಟಿ ಬಿಗಿದ ದಿನ' ಎಂದು ಹಾಕಿ ಎಂದೆ. ನೋಟಿಸು ರದ್ದು ಮಾಡುವ ಕಾಗದ ಶುಕ್ರವಾರ ಬರುತ್ತದಂತೆ. ಹೊಲಿಗೆಯವಳು ಕಿಟಕಿಯಿಂದಲೇ, "ಮೇಷ್ಟ್ರೇ, ಅದನ್ನ ನಾಕು ಸಲ ಓದಿ," ಎಂದಳು. ಮಾತಾಡಿದಳಲ್ಲ, ಸಾಕು.

ಎಲ್ಲರೂ ಹೋದ ಮೇಲೆ ನನಗೆ ಹೊಳೆಯಿತು. ಇವಳು ಮನೆಯ ಒಳಗೆ ನಿಂತಿದ್ದಳು. ತೂತಿಗೆ ಮುಖ ಹತ್ತಿರ ಇಟ್ಟು ನೋಡುತ್ತಿದ್ದಳು.

"ಎರಡು ಹಳದಿ, ಒಂದು ನೀಲಿ," ಎಂದಳು. "ನಂದೇ ಇದು."

"ಹೌದು."

"ತಂತಿ?"

ಗಂಟು ತೋರಿಸಿದೆ. ಬೆರಳು ಹಾಕಿ ತಿರುವಿ ನೋಡಿದಳು. ಆಮೇಲೆ ಎರಡು ಕೈಯಿಂದ ಪಟ್ಟಿ ಹಿಡಿದು, ಪಾದ ಗೋಡೆಗೆ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಎಳೆದಳು. ಗೋಡೆ ಅಲುಗಲಿಲ್ಲ. ಐವತ್ತೈದು ವರ್ಷದ ಹೆಂಗಸು ಗೋಡೆಯ ಜೊತೆ ಹಗ್ಗಜಗ್ಗಾಟ ಆಡುತ್ತಿದ್ದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

"ಅವತ್ತು ನಿನಗೆ ಪೆಟ್ಟಾಗಿತ್ತಾ?" ಎಂದು ಕೇಳಿದೆ.

ಪಟ್ಟಿ ಬಿಟ್ಟು ನನ್ನ ಕಡೆ ನೋಡಿದಳು. "ಭುಜಕ್ಕೆ. ಹದಿನೈದು ದಿನ ಕೈ ಎತ್ತೋಕಾಗ್ತಿರಲಿಲ್ಲ. ಈಗ ಹೋಗಿದೆ," ಎಂದು ಹೊರಗೆ ಹೋದಳು.

ಹದಿನೈದು ದಿನ. ಹತ್ತು ಹೆಜ್ಜೆ ದೂರದಲ್ಲಿದ್ದೆ.

ಏಪ್ರಿಲ್ ೨೫, ಗುರುವಾರ

ಮೇಸ್ತ್ರಿ ಗಾರೆ ಕಲಸಿಕೊಂಡು ತೂತು ಮುಚ್ಚಲು ಬಂದ. ಇವಳು ಅವನ ಬಾಣಲಿಗೆ ಅಡ್ಡ ನಿಂತಳು.

"ಮುಚ್ಚಬೇಡಿ."

"ಅಕ್ಕಾ, ಅಸಹ್ಯವಾಗಿ ಕಾಣುತ್ತೆ."

"ಕಾಣಲಿ. ಕಾಣೋದೇ ಬೇಕು ನನಗೆ."

ಇಂಜಿನಿಯರಮ್ಮನನ್ನು ಕರೆಸಿದೆವು. ಪುಸ್ತಕದ ಪ್ರಕಾರ ಮುಚ್ಚಬೇಕು, ಗಾರೆಗೂ ಒಂದಿಷ್ಟು ಬಲ ಇದೆ, ಪಟ್ಟಿಗೆ ಬಿಸಿಲು ತಾಗಿದರೆ ಕೆಡುತ್ತದೆ ಎಂದರು. ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ನೋಡಿದರು. ಇವಳ ಮುಖ ನೋಡಿದರು. "ಎರಡು ಗೇಣು ತಾನೇ. ಬಿಸಿಲು ಇಲ್ಲಿಗೆ ಬರಲ್ಲ. ಒಲೆ ಮಾತ್ರ ದೂರ ಇಡಿ," ಎಂದು ಒಪ್ಪಿದರು. ಮೇಸ್ತ್ರಿ ತೂತಿನ ಅಂಚನ್ನು ಕರಣೆಯಿಂದ ನುಣ್ಣಗೆ ಮಾಡಿ ಚೌಕ ಕೂರಿಸಿದ. ಈಗ ಅದು ಗೋಡೆಗೂಡಿನಂತೆ ಕಾಣುತ್ತದೆ, ಒಳಗೆ ಬಲೆ ಬಿಟ್ಟರೆ ಏನೂ ಇಲ್ಲ.

ಏಪ್ರಿಲ್ ೨೬, ಶುಕ್ರವಾರ

ರದ್ದತಿ ಪತ್ರ ಬಂತು. ನಾಲ್ಕು ಸಲ ಓದಿದೆ. ಸರಿಯಾಗಿದೆ.

ಇವಳು ಹಾಸಿಗೆ ಒಳಗೆ ತಂದಳು. ಆ ಗೋಡೆಯ ಪಕ್ಕಕ್ಕೇ ಹಾಸಿದಳು. ಎಲ್ಲಿ ಮತ್ತೆ ಎತ್ತಿಕೊಂಡು ಹೋಗುತ್ತಾಳೋ ಎಂದು ನಾನು ಪತ್ರವನ್ನು ಐದನೆಯ ಸಲ ಓದಲು ಕೂತೆ.

ಏಪ್ರಿಲ್ ೨೮, ಭಾನುವಾರ

ಮಧ್ಯಾಹ್ನ ಮೂರೂ ಹತ್ತಕ್ಕೆ ಮತ್ತೆ ನಡುಗಿತು. ಹಿಂದಿನ ಸಣ್ಣವಕ್ಕಿಂತ ಜೋರು. ಇವಳು ಊಟ ಮುಗಿಸಿ ಮಲಗಿದ್ದಳು. ನಾನು ಮಂಚದ ಮೇಲೆ ಕೂತಿದ್ದೆ. ಪಾತ್ರೆಗಳು ಸದ್ದು ಮಾಡಿದ್ದು ನೆನಪಿದೆ. ಆಮೇಲೆ ನೆನಪಿರುವುದು ನಾನು ಗಲ್ಲಿಯ ನಡುವೆ, ಬರಿಗಾಲಲ್ಲಿ, ಈ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದು. ಹೆಂಡತಿಯನ್ನು ಒಳಗೇ ಬಿಟ್ಟು ಪುಸ್ತಕ ತಂದಿದ್ದೆ. ಹೇಗೂ ಹೊರಗೆ ಹೊರಟಿದ್ದೆ ಎಂದು ಬರೆಯಲಾರೆ. ಹೆದರಿಕೆಯಾಯಿತು. ಮೊದಲ ದಿನದಿಂದಲೂ ಆಗುತ್ತಿದೆ.

ಗಲ್ಲಿಯಲ್ಲಿ ಒಂದು ಗೋಡೆಯೂ ಬೀಳಲಿಲ್ಲ. ಹೊಲಿಗೆಯವಳ ಮನೆಯಲ್ಲಿ ಹೊಸದೊಂದು ಬಿರುಕು ಬಂದಿದೆಯಂತೆ, ಅಲ್ಲೇ ನಿಂತಿದೆಯಂತೆ.

ಓಡಿಹೋಗಿ ಕಿಟಕಿಯಲ್ಲಿ ಇಣುಕಿದೆ. ಇವಳು ಎದ್ದು ಕೂತಿದ್ದಳು. ಎಡಗೈಯ ನಾಲ್ಕು ಬೆರಳು ಪಟ್ಟಿಯ ಚೌಕದಲ್ಲಿ ಸಿಕ್ಕಿಸಿಕೊಂಡು ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು, ನನ್ನ ಕಾಲನ್ನೂ ನೋಡಿದಳು.

"ನಿಂತಿತು ರೀ," ಎಂದಳು. "ಬನ್ನಿ ಒಳಗೆ."

ಬರುತ್ತೇನೆ ಎಂದೆ. ಹೇಳಿ ಅರ್ಧ ಗಂಟೆಯಾಯಿತು. ಹೊಸ್ತಿಲಿನಾಚೆ ಕೂತು ಇದನ್ನು ಬರೆಯುತ್ತಿದ್ದೇನೆ, ಕಾಲು ಇನ್ನೂ ಏಳುತ್ತಿಲ್ಲ. ಒಳಗೆ ಅವಳು ನನ್ನ ಮಂಚವನ್ನು ಬಾಗಿಲ ಹತ್ತಿರದಿಂದ ಗೋಡೆಯ ಕಡೆಗೆ ಎಳೆಯುತ್ತಿದ್ದಾಳೆ. ಒಬ್ಬಳಿಗೆ ಅದು ಭಾರ. ಭುಜ ಬೇರೆ.